ಮುದ್ರೆಯೂ ಬೋರ್ಡೂ

ತರ್ಕಶಾಸ್ತ್ರದ ಮೇಷ್ಟ್ರುಗಳಷ್ಟು ನಿರ್ದಯಿಗಳು ಬೇರೆ ಇಲ್ಲ. ಅಥೆನ್ಸಿನವರು ಸಾಕ್ರೆಟಿಸನಿಗೆ ವಿಷ ಕುಡಿಸಿದ್ದು ಒಂದೇ ಸಲ, ಕ್ರಿ.ಪೂ. 399ರಲ್ಲಿ. ಮೇಷ್ಟ್ರುಗಳು ವರ್ಷವರ್ಷವೂ ಕರಿಹಲಗೆಯ ಮೇಲೆ ಅವನನ್ನು ಸಾಯಿಸುತ್ತಾರೆ: ಮನುಷ್ಯರೆಲ್ಲ ಸಾಯುವವರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ... ಮುಂದಿನದನ್ನು ಹಿಂದಿನ ಬೆಂಚಿನವನೂ ಹೇಳಬಲ್ಲ. ಇಂಥ ಮೂರು ಹೆಜ್ಜೆಯ ನಡೆಯನ್ನು ಶಾಸ್ತ್ರವಾಗಿಸಿದವನು ಅರಿಸ್ಟಾಟಲ್, ಸಾಕ್ರೆಟಿಸನ ಶಿಷ್ಯ ಪ್ಲೇಟೋನ ಶಿಷ್ಯ.

ಈ ಅರಿಸ್ಟಾಟಲ್ ನಮ್ಮ ಕಡೆಗೆ ನೆಟ್ಟಗೆ ಗ್ರೀಸಿನಿಂದ ಬರಲಿಲ್ಲ. ಬಾಗ್ದಾದಿನಲ್ಲಿ ಅರಬ್ಬಿ ಕಲಿತು, ಇರಾನಿನಲ್ಲಿ ತಂಗಿ, ಅರಸ್ತು ಎಂದು ಹೆಸರು ಬದಲಿಸಿಕೊಂಡು ಬಂದ. ಆ ಕಾಲದ ಮದರಸಾಗಳಲ್ಲಿ ತರ್ಕಕ್ಕೆ ಮಂತಿಕ್ ಎನ್ನುತ್ತಿದ್ದರು. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರ ಹೊತ್ತಿಗೆ ಬೀದರಿನಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವಂತೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅದರ ಒಂದು ಪಾಲು ಹಾರಿಹೋಯಿತು. ಉಳಿದ ಒಂಟಿ ಮಿನಾರಿನ ಮೈಮೇಲೆ ಅಲ್ಲಲ್ಲಿ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಸಂಜೆ ಬಿಸಿಲಿಗೆ ನೋಡಬೇಕು.

ಕಟ್ಟಡಕ್ಕೆ ಸಿಡಿಮದ್ದು ಬೇಕಾಯಿತು, ಕಟ್ಟಿಸಿದವನಿಗೆ ಒಂದು ಹುಸಿ ತರ್ಕವೇ ಸಾಕಾಯಿತು. ಆಗದ ಸರದಾರರು ಗವಾನನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಬರೆದರು. ಸುಲ್ತಾನ ಮುಹಮ್ಮದ್ ಷಾ ಕಾಗದ ಹಿಡಿದು ಕೇಳಿದಾಗ, ಮುದ್ರೆ ತನ್ನದು, ಬರಹ ತನ್ನದಲ್ಲ ಎಂದನಂತೆ ಮುದುಕ. ಸುಲ್ತಾನನ ಲೆಕ್ಕ ಬೇರೆ: ಗವಾನ್ ಬರೆದ ಕಾಗದಕ್ಕೆಲ್ಲ ಗವಾನನ ಮುದ್ರೆ ಇರುತ್ತದೆ, ಇದಕ್ಕೂ ಇದೆ, ಆದ್ದರಿಂದ ಇದು ಗವಾನನದೇ. ಎಮ್ಮೆಗೆ ನಾಲ್ಕು ಕಾಲು, ಮಂಚಕ್ಕೂ ನಾಲ್ಕು ಕಾಲು, ಆದ್ದರಿಂದ ಹಾಲು ಹಿಂಡಲು ಚೊಂಬು ತನ್ನಿ ಎಂದ ಹಾಗೆ. ಮಂತಿಕ್ ಓದುವ ಹುಡುಗನಾದರೂ ಹಿಡಿಯಬಹುದಾದ ತಪ್ಪು. ಆದರೆ ಕತ್ತಿ ಇದ್ದದ್ದು ಹುಡುಗನ ಕೈಯಲ್ಲಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಹೋದ, ಕೊರಗಿ ಕೊರಗಿ ಎನ್ನುತ್ತಾರೆ.

ಇದೇ ತಪ್ಪು ಮುಂದೆ ಭಾಲ್ಕಿಯಲ್ಲಿ ಇನ್ನೊಂದು ಅವತಾರ ಎತ್ತಿತು. ನಿಜಾಮನ ಆಳಿಕೆ, ಎಲ್ಲೆಲ್ಲೂ ಉರ್ದು ಕಾರುಬಾರು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠ ಏರಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಮಾತು ಬೀದರ್ ಜಿಲ್ಲೆಯ ಮಕ್ಕಳಿಗೂ ಗೊತ್ತು. ಉರ್ದು ಶಾಲೆಗೆ ಉರ್ದು ಬೋರ್ಡು ಇರುತ್ತದೆ, ಇಲ್ಲಿಯೂ ಇದೆ, ಆದ್ದರಿಂದ... ಎಂದುಕೊಂಡು ಮುಂದೆ ನಡೆದ ಸರ್ಕಾರಿ ಕಣ್ಣುಗಳಿಗೆ ಅರಿಸ್ಟಾಟಲ್ ಸೊನ್ನೆ ಅಂಕ ಕೊಡುತ್ತಿದ್ದ. ನಾನಾದರೆ ಪಾಸು ಮಾಡುತ್ತಿದ್ದೆ.

ಔರಾದದ ಕಡೆ ಹೋದರೆ ಮಾತ್ರ ತರ್ಕ ಕೈಕೊಡುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಬಸ್ಸಿನಲ್ಲಿ ಮರಾಠಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ, ನಡುವೆ ಉರ್ದುವಿನಲ್ಲಿ ಬೈಗುಳ. ಒಂದು ಭಾಷೆ ಯಾವ ಹಳ್ಳಿಯಲ್ಲಿ ಮುಗಿದು ಇನ್ನೊಂದು ಯಾವ ಹಳ್ಳಿಯಲ್ಲಿ ಶುರುವಾಯಿತೆಂದು ಹೇಳುವ ಗಂಡು ಯಾರು? ಮಿಲೇಟಸ್ಸಿನ ಯೂಬುಲಿಡೀಸ್ ಇಂಥದೇ ತಂಟೆ ತೆಗೆದಿದ್ದ: ಕಾಳಿನ ರಾಶಿಯಿಂದ ಒಂದು ಕಾಳು ತೆಗೆದರೂ ಅದು ರಾಶಿಯೇ; ಇನ್ನೊಂದು ತೆಗೆದರೂ ರಾಶಿಯೇ; ಹೀಗೇ ತೆಗೆಯುತ್ತ ಹೋದರೆ ಯಾವ ಕಾಳಿಗೆ ರಾಶಿ ರಾಶಿಯಾಗಿ ಉಳಿಯುವುದಿಲ್ಲ? ಎರಡು ಸಾವಿರ ವರ್ಷ ಮೀರಿದರೂ ಪಂಡಿತರ ಜಗಳ ಹರಿದಿಲ್ಲ.

ಔರಾದದಲ್ಲಿ ಹೆಸರುಕಾಳಿನ ರಾಶಿ ಮುಂದೆ ಕೂತಿದ್ದ ವ್ಯಾಪಾರಿಯೊಬ್ಬರ ಹತ್ತಿರ ಇದನ್ನು ಎತ್ತಿದೆ. ಪೂರ್ತಿ ಕೇಳಿಸಿಕೊಂಡರು. ಒಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದು, ಹಸಿ ಎಷ್ಟಿದೆ ನೋಡಿದರು.

"ರಾಶಿ ಗೀಶಿ ಯಾರ್ ಕೇಳ್ತಾರ್ರೀ? ಕಾಟಾದ ಮ್ಯಾಲ ಇಡ್ರಿ."