ನೇತ್ರಾವತಿಯ ಮೊಟ್ಟೆ

ಬಂಟ್ವಾಳದ ಬಳಿ ನೇತ್ರಾವತಿಯ ಮರಳಿನಲ್ಲಿ ಬಾಲಕನೊಬ್ಬನು ಹೆಕ್ಕಿದ ಗುಂಡುಗಲ್ಲು ಡೈನೋಸಾರಿನ ಅಂಡವೇ ಆಗಿರತಕ್ಕದ್ದೆಂಬುದು, ಬೆಳ್ತಂಗಡಿಯ ಮಾವನಿಂದ ಮೂಡುಬಿದಿರೆಯ ಭಾವನವರೆಗೆ ಸಮಸ್ತ ಬಂಧುವರ್ಗವೂ ಚಹಾದೊಡನೆ ಅಂಗೀಕರಿಸುವ ಸಿದ್ಧಾಂತವು. ರಸಭಂಗಕ್ಕೆ ಕ್ಷಮೆಯಿರಲಿ: ನಮ್ಮ ಸೀಮೆಯ ತಳಶಿಲೆಗಳು ಬಹುಮಟ್ಟಿಗೆ 250 ಕೋಟಿ ವರ್ಷಗಳಿಗೂ ಹಿಂದಿನವು, ಮೊಟ್ಟೆಯಿಡುವ ಯಾವ ಪ್ರಾಣಿಯೂ ಆಗ ಜನಿಸಿರಲಿಲ್ಲ. ಮುರಕಲ್ಲೋ, ಅಂತಹ ಶಿಲೆಗಳೇ ಮಳೆಬಿಸಿಲಿಗೆ ಶಿಥಿಲಗೊಂಡು ಆದದ್ದು. ಅದರ ತೂತುಗಳಲ್ಲಿ ಎಲುಬು ಕಾಣುವುದು ಹುಡುಗರಿಗೆ ಮಾತ್ರ, ಮತ್ತು ಭಾವನಿಗೆ.

ನಿಜವಾದ ಪಳೆಯುಳಿಕೆಗಾಗಿ ಹೊಳೆಗಿಳಿಯಬೇಕಾಗಿಲ್ಲ: ನೇಪಾಳದ ಗಂಡಕಿಯಿಂದ ಬಂದು, ಅಜ್ಜಿಯ ದೇವರ ಸಂಪುಟದಲ್ಲಿ ನಿತ್ಯವೂ ಅಭಿಷೇಕಗೊಳ್ಳುವ ಸಾಲಿಗ್ರಾಮದ ಚಕ್ರವು, ಹಿಮಾಲಯವು ಏಳುವ ಮೊದಲು ಅಲ್ಲಿದ್ದ ಕಡಲಿನ ಅಮೋನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚು. ಇದನ್ನು ಕೇಳಿದ ಪುಟ್ಟ ಸಂಶೋಧಕನು ಸುತ್ತಿಗೆಯೊಡನೆ ದೇವರಕೋಣೆಯತ್ತ ಹೊರಡಲು, ಅಜ್ಜಿಯು ಬಾಗಿಲಿಗೆ ಅಡ್ಡ ನಿಂತು, “ಮೊದಲು ಮಿಂದು ಬಾ ಮಾರಾಯ” ಎಂದರು.