ಹಲಸಿನ ಮರದ ಬಳಿ ಎಡಕ್ಕೆ

‘ಸುಲಭ ನಡಿಗೆ’ ಎಂಬ ಕಾಯಿಲೆ ನನಗೆ ಅಂಟಿದ್ದು ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ. ತಂಗಿಯ ಮಗ ಅಲ್ಲಿ ಕೆಲಸಕ್ಕಿದ್ದಾನೆ. ಎರಡು ವರ್ಷದ ಹಿಂದೆ ಅವನ ಮನೆಯಲ್ಲಿ ಒಂದು ತಿಂಗಳು ಇದ್ದೆವು. ಕೂತಲ್ಲೇ ಕೂತು ದಿನಕ್ಕಿಷ್ಟು ಊದುತ್ತಿದ್ದ ಮಾವನನ್ನು ನೋಡಲಾರದೆ ಅವನು ಒಂದು ಪುಟ್ಟ ಪುಸ್ತಕ ಕೈಗಿಟ್ಟ. ಅದರ ತುಂಬ ಊರಾಚೆಯ ನಡಿಗೆಗಳು. ಇಲ್ಲಿ ಹೊರಡಿ, ಓಕ್ ಮರದ ಬಳಿ ಎಡಕ್ಕೆ ತಿರುಗಿ, ಬೇಲಿಯ ಮೆಟ್ಟಿಲು ದಾಟಿ, ದನಗಳಿರಬಹುದು, ಗಾಬರಿ ಬೇಡ. ಎರಡು ಗಂಟೆ, ಏರು ಇಲ್ಲ, ಕೊನೆಗೆ ಚಹಾ. ಹೋಗಿ ನೋಡಿದರೆ ಹೇಳಿದ ಜಾಗದಲ್ಲಿ ಓಕ್ ಮರ ಇತ್ತು. ಒಂದೇ ಇತ್ತು. ಈ ಸಂಗತಿ ನೆನಪಿರಲಿ.

ಆ ದಾರಿಗಳಲ್ಲಿ ಅಲ್ಲಲ್ಲಿ ವಿಚಿತ್ರ ಕಟ್ಟಡಗಳು ಸಿಗುತ್ತವೆ. ಯಾರೂ ವಾಸವಿಲ್ಲದ ಗೋಪುರ, ದೇವರೇ ಇಲ್ಲದ ಗುಡಿ, ಹೊಸದಾಗಿ ಕಟ್ಟಿಸಿದ ಪಾಳುಕೋಟೆ. ಫಾಲಿ ಅನ್ನುತ್ತಾರೆ. ಆ ಶಬ್ದಕ್ಕೆ ಪೆದ್ದುತನ ಅಂತಲೂ ಅರ್ಥ ಉಂಟು. ಹದಿನೆಂಟನೆಯ ಶತಮಾನದ ಅಲ್ಲಿನ ಧನಿಗಳಿಗೆ ಇದೊಂದು ಖಯಾಲಿ. ಪೇನ್ಸ್‌ಹಿಲ್ ಎಂಬ ತೋಟದ ಯಜಮಾನ ಚಾರ್ಲ್ಸ್ ಹ್ಯಾಮಿಲ್ಟನ್ ಸನ್ಯಾಸಿಯ ಗುಡಿಸಲು ಕಟ್ಟಿಸಿ, ಒಳಗೆ ಕೂರಲಿಕ್ಕೆ ಒಬ್ಬನನ್ನು ಸಂಬಳಕ್ಕೇ ಇಟ್ಟನಂತೆ. ಏಳು ವರ್ಷ ಮಾತಿಲ್ಲ, ಗಡ್ಡ ಉಗುರು ತೆಗೆಯುವಂತಿಲ್ಲ ಎಂದು ಕರಾರು. ಮೂರೇ ವಾರಕ್ಕೆ ಆ ಸನ್ಯಾಸಿ ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದ ಎಂದು ಕಥೆ.

ಬಾತ್ ಊರಿನ ಗುಡ್ಡೆಯ ಮೇಲಿರುವುದು ಶಾಮ್ ಕ್ಯಾಸಲ್. 1762ರಲ್ಲಿ ರಾಲ್ಫ್ ಅಲೆನ್ ಎಂಬ ಸಿರಿವಂತ ಕಟ್ಟಿಸಿದ್ದು, ಪೇಟೆಯ ತನ್ನ ಮನೆಯಿಂದ ನೋಡಿದಾಗ ಗುಡ್ಡೆ ಚೆಂದ ಕಾಣಲಿ ಅಂತ. ಎದುರಿನಿಂದ ಬುರುಜು, ಕಮಾನು, ಸಾಕ್ಷಾತ್ ಕೋಟೆ. ಹಿಂದೆ ಹೋದರೆ ಹುಲ್ಲು. ಒಂದು ಗೋಡೆ, ಅಷ್ಟೇ. ನಾನು ಹೊಟ್ಟೆ ಹಿಡಿದು ನಕ್ಕೆ. “ಎದುರು ಮಾತ್ರ ಕಟ್ಟಿದ್ದಾನಲ್ಲ ಮಾರಾಯ, ಎಂಥ ಪೆದ್ದ!”

ಮನೆಯವಳು ನಗಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ ಥರ್ಮಾಸಿನ ಮುಚ್ಚಳ ತಿರುಗಿಸಿದಳು.

ಕಳೆದ ಅಕ್ಟೋಬರ್ ರಜೆಯಲ್ಲಿ ಆ ಅಳಿಯ ತನ್ನ ಮಗಳು ಪುಟ್ಟಿಯನ್ನು ಕರೆದುಕೊಂಡು ಊರಿಗೆ ಬಂದ. ನಾವೂ ಬೆಂಗಳೂರಿನಿಂದ ಸಿದ್ಧಕಟ್ಟೆಯ ಅಣ್ಣನ ಮನೆಗೆ ಬಂದಿಳಿದಿದ್ದೆವು. “ಅಜ್ಜ, ಇಲ್ಲಿ ವಾಕ್ ಇಲ್ವಾ? ಫಾಲಿ ಇಲ್ವಾ?” ಅಂತ ಪುಟ್ಟಿ ಕೇಳಿದ್ದೇ ತಡ, ರಾತ್ರಿ ಕೂತು ಎರಡು ಪುಟದ ಮಾರ್ಗದರ್ಶಿ ಬರೆದೆ, ನಕ್ಷೆ ಸಮೇತ. ಬೆಳಿಗ್ಗೆ ಬಸ್ಸಿನಲ್ಲಿ ಮೂಡುಬಿದಿರೆ. ಸಾವಿರ ಕಂಬದ ಬಸದಿ, ಕೊಡಂಗಲ್ಲಿನ ನಿಷಿಧಿಗಳು. ವಾಪಸು ಬರುವಾಗ ಸಿದ್ಧಕಟ್ಟೆಗೆ ಎರಡು ಸ್ಟಾಪ್ ಮೊದಲೇ ಇಳಿದು ಗದ್ದೆ ತೋಟಗಳ ನಡುವೆ ನಡಿಗೆ. ಬಾಲ್ಯದಲ್ಲಿ ಓಡಾಡಿದ ದಾರಿ. ಒಂದೂವರೆ ಗಂಟೆ, ಏರು ಇಲ್ಲ, ಕೊನೆಗೆ ಚಹಾ. ನಕ್ಷೆಯಲ್ಲಿ ಊರಿನ ಒಂದು ತಿರುವನ್ನು ಮಾತ್ರ ಬೇಕೆಂದೇ ಬಿಟ್ಟು ಸುತ್ತು ಬಳಸಿದ್ದೆ. ಕಾರಣ ಖಾಸಗಿ.

ಮೂಡುಬಿದಿರೆಯಲ್ಲಿ ಪುಟ್ಟಿ ಕಂಬ ಎಣಿಸಲು ಹೋಗಿ ನೂರರ ಆಚೆ ಎಲ್ಲೋ ತಪ್ಪಿ, ಭೈರಾದೇವಿ ಮಂಟಪದ ಬುಡದಲ್ಲಿ ಕೆತ್ತಿದ ಜಿರಾಫೆಯನ್ನು ಕಂಡು ಕುಣಿದಾಡಿದಳು. “ಇದು ಫಾಲಿಯಾ?” ಛೆ ಛೆ. 1430ರ ಬಸದಿ, ಇವತ್ತಿಗೂ ಪೂಜೆ ತಪ್ಪಿಲ್ಲ ಅಂದೆ. ಕೊಡಂಗಲ್ಲಿನಲ್ಲಿ ಮುರಕಲ್ಲಿನ ಸಮಾಧಿಗಳು, ಒಂದರ ಮೇಲೊಂದು ಮಾಡು, ಮೇಲೆ ಹೋದಂತೆ ಕಿರಿದಾಗುತ್ತ. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸ 1876ರ ತನ್ನ ಗ್ರಂಥದಲ್ಲಿ ಮೂಡುಬಿದಿರೆಯ ಈ ಶೈಲಿಗೆ ನೇಪಾಳದ ಹೋಲಿಕೆ ಕೊಟ್ಟಿದ್ದಾನೆ. ಪುಟ್ಟಿ ಟಿಫಿನ್ ಕ್ಯಾರಿಯರಿನ ಹೋಲಿಕೆ ಕೊಟ್ಟಳು. “ಇದು ಫಾಲಿಯಾ?” ನನ್ನ ನಾಲಿಗೆ ಜಾರಿತು. “ನೋಡ್ಲಿಕ್ಕೆ ಸ್ವಲ್ಪ ಹಾಗೆ...” ಹತ್ತಿರದಲ್ಲಿದ್ದ ಹಿರಿಯರೊಬ್ಬರು ಶಬ್ದದ ಅರ್ಥ ಕೇಳಿದರು. ನಾನು ಹೇಳಿದೆ. ಹೇಳಬಾರದಿತ್ತು. ಜೈನ ಗುರುಗಳ ಸಮಾಧಿ ಎದುರು ನಿಂತು ಆಡುವ ಮಾತೇ ಇದು ಎಂದು ಅವರು ಕೊಟ್ಟ ಉಪದೇಶದಲ್ಲಿ ನಮ್ಮ ಬಸ್ಸು ಹೋಯಿತು.

ಅಷ್ಟಕ್ಕೂ ನಮ್ಮ ಕಡೆ ಫಾಲಿ ಹುಡುಕುವುದು ಕಷ್ಟ. ಪಾಳು ಬಿದ್ದದ್ದಕ್ಕೆ ಯಾರಾದರೂ ದೀಪ ಇಡುತ್ತಾರೆ. ದೀಪ ಇಡದಿದ್ದರೆ ಅದರ ಕಲ್ಲು ಯಾರದೋ ಪಾಗಾರಕ್ಕೆ ಸೇರಿರುತ್ತದೆ.

ಬಸ್ಸಿಳಿದು ನಡೆಯತೊಡಗಿದಾಗ ಮಧ್ಯಾಹ್ನ ಮೂರು. ಹತ್ತು ನಿಮಿಷದಲ್ಲಿ ಎರಡು ರಿಕ್ಷಾ, ಒಂದು ಪಿಕಪ್, ಮೂರು ಬೈಕು ನಿಂತವು. “ಬಸ್ ತಪ್ಪಿತಾ?” ಇಲ್ಲ. “ಕಾರು ಕೈಕೊಟ್ಟಿತಾ?” ಇಲ್ಲ. “ಮತ್ತೆಂಥ?” ಸುಮ್ಮನೆ ನಡೀತಿದ್ದೇವೆ. ಈ ‘ಸುಮ್ಮನೆ’ ಎಂಬುದೇ ಎಡವಟ್ಟಾದದ್ದು. ನಮ್ಮಲ್ಲಿ ನಡೆಯುವವನಿಗೆ ಒಂದೋ ಬಸ್ ತಪ್ಪಿರಬೇಕು, ಇಲ್ಲ ಹರಕೆ ಇರಬೇಕು, ಅದೂ ಇಲ್ಲದಿದ್ದರೆ ಶುಗರ್ ಇರಬೇಕು. ಶುಗರಿನವರು ನಡೆಯುವುದು ಬೆಳಿಗ್ಗೆ ಆರಕ್ಕೆ, ಮೈದಾನದಲ್ಲಿ. ಕೈಯಲ್ಲಿ ನಕ್ಷೆ, ಕೋಲು, ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು ಹೊತ್ತಲ್ಲದ ಹೊತ್ತಲ್ಲಿ ತೋಟದ ಬದಿ ನಿಂತವನು ಯಾರು? ಮೊದಲ ಮನೆಯ ಅಂಗಳದಿಂದಲೇ ಪ್ರಶ್ನೆ ಬಂತು. “ಹೈಟೆನ್ಷನ್ ಲೈನಿನ ಸರ್ವೆಯವರಾ?” ಜೊತೆಗೆ ಎರಡು ನಾಯಿಯೂ ಬಂದವು. ನಾನು ಅಣ್ಣನ ಹೆಸರು ಕೂಗಿ ಹೇಳಿ ಪ್ರಾಣ ಉಳಿಸಿಕೊಂಡೆ. “ಓ, ಅವರ ತಮ್ಮನಾ! ಬನ್ನಿ ಬನ್ನಿ.” ಬೆಲ್ಲ ನೀರು ಬಂತು, ಆಮೇಲೆ ಚಹಾ, ಬಾಳೆಹಣ್ಣು, ಅವರ ಮಗಳ ಮದುವೆಯ ಆಲ್ಬಮ್ಮು. ಎರಡನೆಯ ಮನೆಯಲ್ಲೂ ಹಾಗೆಯೇ, ಆಲ್ಬಮ್ಮಿನ ಬದಲು ಬೊಂಡ. ಎರಡು ಗಂಟೆಯಲ್ಲಿ ನಾವು ನಡೆದ ದೂರ ಮುಕ್ಕಾಲು ಕಿಲೋಮೀಟರು.

ಮಾರ್ಗದರ್ಶಿ ಕೈಕೊಟ್ಟದ್ದು ಆಮೇಲೆ. ‘ಹಲಸಿನ ಮರದ ಬಳಿ ಎಡಕ್ಕೆ’ ಎಂದು ಬರೆದಿದ್ದೆ. ಅಳಿಯ ಸುತ್ತ ನೋಡಿ, “ಯಾವುದು ಮಾವ?” ಅಂದ. ಪುಟ್ಟಿ ಎಣಿಸಿದಳು, ಈ ಸಲ ತಪ್ಪದೆ. ಹದಿನಾಲ್ಕು. ನಾನು ಆತ್ಮವಿಶ್ವಾಸದಿಂದ ಐದನೆಯದನ್ನು ಆರಿಸಿದೆ.

ಐದನೆಯದರ ಎಡಕ್ಕೆ ತೋಡು ಇತ್ತು, ತೋಡಿಗೆ ಸಂಕ. ಅಡಿಕೆ ಮರವನ್ನು ಸೀಳಿ ಜೋಡಿಸಿದ ಎರಡು ತುಂಡು, ನಡುವೆ ಅಂಗೈ ಅಗಲದ ಸಂದು, ಮೇಲೆಲ್ಲ ಹಸಿರು ಪಾಚಿ. ಹಿಡಿದುಕೊಳ್ಳಲು ಒಂದು ಬಿದಿರು. ಹಿಡಿದರೆ ಅದೇ ನಮ್ಮನ್ನು ಹಿಡಿದುಕೊಂಡು ಅಲ್ಲಾಡುತ್ತದೆ. ಪುಟ್ಟಿ ಓಡಿ ದಾಟಿದಳು. ಮನೆಯವಳು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ನೆಟ್ಟಗೆ ನಡೆದೇ ಹೋದಳು. “ಶೂಸ್ ತೆಗೀರಿ” ಅಂದಳು ಆಚೆ ದಡದಿಂದ. ಬಾತಿನಲ್ಲಿ ಕೊಂಡ ವಾಟರ್‌ಪ್ರೂಫ್ ಶೂ ಅದು, ರೂಪಾಯಿಯಲ್ಲಿ ಹೇಳಿದರೆ ಜಗಳ ಆಗುವಷ್ಟು ದುಬಾರಿ. ತೆಗೆಯಲಿಲ್ಲ. ಬೀಳುವಾಗ ನಾನು ಕೂಗಿದ್ದು ತುಳುವಿನಲ್ಲಿ ಅಂತ ಅಳಿಯ ಹೇಳುತ್ತಾನೆ. ನೀರು ಮೊಣಕಾಲು ಮಟ್ಟ, ಜೀವಕ್ಕೇನೂ ಅಪಾಯವಿರಲಿಲ್ಲ. ಆದರೆ ವಾಟರ್‌ಪ್ರೂಫಿನ ಗುಣ ಅವತ್ತು ಗೊತ್ತಾಯಿತು. ಒಮ್ಮೆ ಒಳಗೆ ಹೋದ ನೀರನ್ನು ಅದು ಹೊರಗೂ ಬಿಡುವುದಿಲ್ಲ. ಮುಂದಿನ ದಾರಿಯುದ್ದಕ್ಕೂ ನಾನು ಹೆಜ್ಜೆ ಇಟ್ಟಲ್ಲೆಲ್ಲ ಮೊಸರು ಕಡೆದ ಸದ್ದು.

ದಾರಿ ಪೂರ್ತಿ ತಪ್ಪಿತ್ತು. ಮೂಡಣದಲ್ಲಿ ಗುಡುಗು ಶುರುವಾಗಿತ್ತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬರನ್ನು ಅಳಿಯ ಕೇಳಿದ. ಅವರು ಹೊರೆ ಇಳಿಸದೆಯೇ ಹೇಳಿದರು. “ಈ ಗುಡ್ಡೆ ಹತ್ತಿ. ಮೇಲೆ ಗೇಟು ಸಿಗ್ತದೆ. ಗೇಟಿಂದ ಬಲಕ್ಕೆ ರೋಡು.”

“ಯಾರ ಮನೆ ಗೇಟು?”

“ಮನೆ ಇಲ್ಲ. ಗೇಟು ಮಾತ್ರ.”

ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ. ಅದು ಬಿಚ್ಚಿರಲಿಲ್ಲ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2009ರಲ್ಲಿ ಸಿದ್ಧಕಟ್ಟೆಯಲ್ಲಿ ಇಪ್ಪತ್ತು ಸೆಂಟ್ಸ್ ಜಾಗ ಕೊಂಡು, ನಿವೃತ್ತಿಯ ನಂತರ ಇರಲಿಕ್ಕೆಂದು ಮನೆ ಕಟ್ಟಲು ಹೊರಟೆ. ಎಲ್ಲರೂ ಪಂಚಾಂಗದಿಂದ ಶುರು ಮಾಡಿದರೆ ನಾನು ಗೇಟಿನಿಂದ ಶುರು ಮಾಡಿದೆ. ಮುರಕಲ್ಲಿನ ಎರಡು ಕಂಬ, ಮೇಲೆ ಕಮಾನು, ಗುತ್ತಿನ ಮನೆಯ ಹೆಬ್ಬಾಗಿಲಿನಂತೆ ಹಂಚಿನ ಮಾಡು, ಸಿಮೆಂಟಿನ ಎರಡು ಸಿಂಹ, ‘ಸಂತೃಪ್ತಿ’ ಎಂಬ ಫಲಕ. ಅಷ್ಟರಲ್ಲಿ ದುಡ್ಡು ಮುಗಿಯಿತು. ಪಾಗಾರವೂ ಆಗಲಿಲ್ಲ. ಆದರೂ ಗೇಟಿಗೆ ಬೀಗ ಹಾಕಿಯೇ ಬೆಂಗಳೂರಿಗೆ ಹೋಗಿದ್ದೆ. ಆಮೇಲೆ ಊರಿಗೆ ಬಂದಾಗಲೆಲ್ಲ ಆ ತಿರುವಿಗೆ ಹೋಗದಂತೆ ನೋಡಿಕೊಂಡಿದ್ದೆ.

ಮಳೆಯ ದಪ್ಪ ಹನಿ ಬೀಳುವಾಗ ನಾವು ಹಿಂಬದಿಯಿಂದ ಮೇಲೆ ತಲುಪಿದೆವು. ಒಂದು ಸಿಂಹಕ್ಕೆ ತಲೆ ಇರಲಿಲ್ಲ. ಕಂಬಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದರು, ಯಾರೋ ಏನೋ, ಒಳ್ಳೇ ಫಸಲಿತ್ತು. ಕಮಾನಿನ ಕೆಳಗೆ ಅಡ್ಡ ಹಲಗೆ ಹಾಕಿ ಬೆಂಚು ಮಾಡಿದ್ದರು. ಗೋಡೆಯಲ್ಲಿ ಯಕ್ಷಗಾನದ ಪೋಸ್ಟರು, ರಿಕ್ಷಾದವರ ಫೋನ್ ನಂಬರು. ಪುಟ್ಟಿ ಮುಂದೆ ಓಡಿದಳು, ಹಿಂದೆ ಓಡಿಬಂದಳು.

“ಅಜ್ಜಾ, ಫಾಲಿ! ಹಿಂದೆ ಏನೂ ಇಲ್ಲ!”

ಬಾತಿನ ಗುಡ್ಡೆಯ ಮೇಲೆ ನಾನು ನಕ್ಕ ಹಾಗೆಯೇ ನಕ್ಕಳು. ಅಳಿಯ ಫಲಕ ಓದಿ, ಅದರ ಕೆಳಗಿನ ನನ್ನ ಹೆಸರನ್ನೂ ಓದಿ, ಗೌರವದಿಂದ ಆಕಾಶ ನೋಡಿದ.

“ಬೀಗದ ಕೀ ತಂದಿದ್ದೀರಾ?” ಅಂದಳು ಮನೆಯವಳು.

ಹಲಗೆಯ ಮೇಲೆ ಆಗಲೇ ಮೂವರು ಕೂತಿದ್ದರು. ಹಾಲಿನ ಕ್ಯಾನ್ ಹಿಡಿದಿದ್ದ ಒಬ್ಬರು ಒದ್ದೆಮುದ್ದೆಯಾಗಿ ನಿಂತ ನನ್ನನ್ನು ನೋಡಿ, ಕ್ಯಾನ್ ಕಾಲಡಿಗೆ ಸರಿಸಿ ಜಾಗ ಮಾಡಿಕೊಟ್ಟರು. “ಯಾಕೆ ಹೊರಗೆ ನೆನೀತೀರಿ? ಒಳಗೆ ಬನ್ನಿ, ಸಂಕೋಚ ಬೇಡ.”

ನಾನು ಒಳಗೆ ಹೋಗಿ ಕೂತೆ. ಶೂ ಪಚಕ್ ಅಂತು.

“ಹದಿನಾರು ವರ್ಷಕ್ಕೆ ಗೃಹಪ್ರವೇಶ ಆಯ್ತು” ಅಂದಳು ಮನೆಯವಳು, ಕೊಡೆ ಬಿಡಿಸುತ್ತ.