ನೀರೊಳಗಣ ಡಬ್ಬಿ: ಒಂದು ಮೀಮಾಂಸೆ

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವ ಮನುಷ್ಯ ತನ್ನ ಮೊಬೈಲು, ಬೈಕಿನ ಕೀ, ಎಲೆ-ಅಡಿಕೆಗಳನ್ನು ಒದ್ದೆಯಾಗದಂತೆ ಒಯ್ಯುವುದು ಹೇಗೆ? ಇದೇ ಪ್ರಸ್ತುತ ಜಿಜ್ಞಾಸೆ. ಸ್ಕೂಬಾ ನಡೆಯುವುದು ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ, ಮಂಡ್ಯ ಜಿಲ್ಲೆಗೇನು ಸಂಬಂಧ ಎಂದು ಆಕ್ಷೇಪ ಏಳಬಹುದು. ಸಮಾಧಾನ: ನೇತ್ರಾಣಿಗೆ ಹೋಗುವವರು ಡಬ್ಬಿಯನ್ನು ಕೊಂಡು ತರುತ್ತಾರೆ, ಕೊಂಡದ್ದರಲ್ಲಿ ಶಾಸ್ತ್ರವಿಲ್ಲ. ಮನೆಯಲ್ಲೇ ಮಾಡುವ ಡಬ್ಬಿಯ ಶಾಸ್ತ್ರ ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಚದುರಿಬಿದ್ದಿದೆ. ನೀರು ಎಷ್ಟು ಕಡಿಮೆಯೋ ವಿದ್ಯೆ ಅಷ್ಟು ಹೆಚ್ಚು ಎಂಬುದು ಅದರ ಮೂಲಸೂತ್ರ.

ಶ್ರೀರಂಗಪಟ್ಟಣವನ್ನು ಕಾವೇರಿ ಎರಡೂ ಕಡೆಯಿಂದ ಬಳಸಿರುವುದರಿಂದ ಅಲ್ಲಿನ ಪಂಥ ಸಹಜವಾಗಿಯೇ ಹಿಂದುಳಿದಿದೆ. ಪಶ್ಚಿಮವಾಹಿನಿಗೆ ದಿನವೂ ಬರುವ ಚಿತಾಭಸ್ಮದ ಕುಡಿಕೆಗಳನ್ನು ಪ್ರಮಾಣವಾಗಿ ಒಡ್ಡುವಂತಿಲ್ಲ. ಒಳಗಿನದು ನೀರಿಗೆ ಸೇರಲೆಂದೇ ಅವು ಬರುವುದು. ಉಳಿದದ್ದು ಟಿಪ್ಪುವಿನ ರಾಕೆಟ್ಟು. ಮದ್ದು ತುಂಬಿದ ಕಬ್ಬಿಣದ ಕೊಳವೆ ಅದು. ಟಿಪ್ಪುವಿನ ಕಾಲದವೆಂದು ಹೇಳುವ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಸಿಕ್ಕವು. ಡಬ್ಬಿ ಉಳಿಯಿತು, ಸರಕು ಹಾಳಾಯಿತು. ನಮ್ಮ ಶಾಸ್ತ್ರಕ್ಕೆ ಬೇಕಾದದ್ದು ಇದರ ತಿರುವುಮುರುವು.

ಕೆ.ಆರ್. ಪೇಟೆಯದು ಬುರುಡೆ ಪಂಥ. ಹೇಮಾವತಿಯ ದಡದ ಹುಡುಗರು ಈಜು ಕಲಿಯುವಾಗ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಹನಿ ನೀರೂ ಒಳನುಗ್ಗದ ಪಾತ್ರೆ, ನಿಜ. ದೋಷ ಒಂದೇ: ಅದು ಮುಳುಗುವುದೇ ಇಲ್ಲ.

ಇನ್ನು ಪಾಂಡವಪುರ. ತೊಣ್ಣೂರು ಕೆರೆಯ ತಿಳಿನೀರು ಕಂಡು 1746ರಲ್ಲಿ ಅಲ್ಲಿ ಬಿಡಾರ ಹೂಡಿದ್ದ ನಿಜಾಮನ ಮಗ ನಾಸಿರ್ ಜಂಗ್ ಅದನ್ನು ಮೋತಿ ತಲಾಬ್ ಎಂದು ಕರೆದನಂತೆ. ಅದಕ್ಕಿಂತ ಮುಖ್ಯವಾಗಿ, ರಾಮಾನುಜಾಚಾರ್ಯರು ನೆಲೆಸಿದ್ದ ತೊಣ್ಣೂರು, ಮೇಲುಕೋಟೆ ಎರಡೂ ಇದೇ ತಾಲ್ಲೂಕಿನವು. ಹಾಗಾಗಿ ಡಬ್ಬಿಗೂ ನೀರಿಗೂ ಇರುವ ಸಂಬಂಧವನ್ನು ಇಲ್ಲಿ ಮೂರು ಮತಗಳಾಗಿ ವಿಂಗಡಿಸುವುದು ಅನಿವಾರ್ಯ.

ನೀರು ಬೇರೆ, ಒಳಗಿನ ಮೊಬೈಲು ಬೇರೆ, ಎರಡೂ ಎಂದೆಂದಿಗೂ ಕೂಡವು ಎಂಬುದು ದ್ವೈತ. ಇದರ ಸಾಧನೆ ಹೀಗೆ. ತೋಟಕ್ಕೆ ತಂದು ಉಳಿದ ನಾಲ್ಕಿಂಚು ಪಿವಿಸಿ ಪೈಪಿನಲ್ಲಿ ಒಂದಡಿ ಕುಯ್ದುಕೊಳ್ಳುವುದು. ಒಂದು ಬಾಯಿಗೆ ಸಲ್ಯೂಷನ್ ಹಚ್ಚಿ ಮುಚ್ಚಳ ಜಡಿಯುವುದು. ಇನ್ನೊಂದಕ್ಕೆ ತಿರುಪಿನ ಮುಚ್ಚಳ, ನಡುವೆ ಲಾರಿ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಬಳೆ. ಈ ಡಬ್ಬಿ ಸುಮಾರು 3 ಲೀಟರ್ ಜಾಗ ಹಿಡಿಯುವುದರಿಂದ ಒಟ್ಟು ತೂಕ 3 ಕೆ.ಜಿ. ಮುಟ್ಟುವವರೆಗೂ ಬುರುಡೆ ಪಂಥಕ್ಕೇ ಸೇರಿರುತ್ತದೆ, ಕಲ್ಲು ತುಂಬಬೇಕು. ಕಲ್ಲು ತುಂಬಿದ ಮೇಲೆ ಮೊಬೈಲಿಗೆ ಜಾಗವಿದೆಯೇ ಎಂಬುದು ಬೇರೆ ಪ್ರಶ್ನೆ.

ಮುಳುಗಿದ ಮೇಲೆ ಅದುಮುವಿಕೆ ಶುರು. 10 ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹೆಚ್ಚುವರಿ 1 ಕೆ.ಜಿ. ಭಾರ, ಅಂಗೈಯಗಲದ ಮುಚ್ಚಳದ ಮೇಲೆ ಒಟ್ಟು 95. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ದಿನ ಅದರ ತಳದಲ್ಲಿ ಇದೇ ಮುಚ್ಚಳ ಮೂರೂವರೆ ಕ್ವಿಂಟಾಲಿಗೂ ಹೆಚ್ಚು ಹೊರಬೇಕು. ಸ್ವಾರಸ್ಯವೆಂದರೆ, ಈ ಭಾರವೇ ಮುಚ್ಚಳವನ್ನು ರಬ್ಬರಿಗೆ ಒತ್ತಿ ಸಂದು ಬಿಗಿಮಾಡುತ್ತದೆ. ಡಬ್ಬಿ ಸೋರುವುದು ಹೆಚ್ಚಾಗಿ ಒತ್ತಡವೇ ಇಲ್ಲದ ಮೊಣಕಾಲುದ್ದದ ನೀರಿನಲ್ಲಿ. ರಬ್ಬರಿಗೆ ಒಂದು ಕೂದಲು ಅಂಟಿದ್ದರೂ ಸಾಕು. ಆ ಕ್ಷಣದಲ್ಲಿ ಒಳಗು ಹೊರಗು ಒಂದಾಗಿ ಭೇದವೆಲ್ಲ ಅಳಿದು ಕರ್ತೃವಿಗೆ ಅದ್ವೈತ ಸಿದ್ಧಿಸುತ್ತದೆ. ದುಡ್ಡು ಕೊಟ್ಟು ಕೊಂಡ ಮೊಬೈಲಾದರೆ ವೈರಾಗ್ಯವೂ.

ಮೂರನೆಯ ಮತ ಮೇಲುಕೋಟೆಯದೇ ಆದರೂ ಅದರ ಪ್ರಯೋಗ ಸಿಕ್ಕಿದ್ದು ನಾಗಮಂಗಲದಲ್ಲಿ. ಅಲ್ಲಿ ಹೇಮಾವತಿ ಕಾಣುವುದು ನಾಲೆಯಲ್ಲಿ, ಅದೂ ಬಿಟ್ಟಾಗ. ಉಳಿದ ನೀರೆಲ್ಲ ಪಾತಾಳದ್ದು. ನೀರೊಳಗೆ ವಿದ್ಯುತ್ ಯಂತ್ರವನ್ನು ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆಯನ್ನು ಬಲ್ಲವರು ಸಬ್‌ಮರ್ಸಿಬಲ್ ಮೋಟಾರು ರೀವೈಂಡಿಂಗ್ ಮಾಡುವವರು. ಅವರು ಸಮುದ್ರ ನೋಡಿರಬೇಕೆಂಬ ನಿಯಮವಿಲ್ಲ. ಪೂರ್ವಪಕ್ಷದವನಾಗಿ ಅಂಥ ಅಂಗಡಿಯೊಂದಕ್ಕೆ ಹೋಗಿ ಕೇಳಿದೆ: “ಒಳಗೆ ನೀರು ಹೋಗದಂಗೆ ಏನ್ ಮಾಡ್ತೀರಣ್ಣ?”

“ಯಾಕ್ ತಡೀಬೇಕು ಸಾ? ನಾವೇ ತುಂಬ್ಸಿ ಇಳೀಬುಡ್ತೀವಿ. ಒಳಗೂ ನೀರು, ವರಗೂ ನೀರು. ಯಾವ್ದು ಯಾವ್ದನ್ನ ಅದುಮ್ತದೆ?”

ಸಿದ್ಧಾಂತ ಇದೇ. ಮೋಟಾರಿನೊಳಗೆ ಮೊದಲೇ ಶುದ್ಧ ನೀರು ತುಂಬಿರುತ್ತಾರೆ. ಸುರುಳಿಯ ತಂತಿಗೆ ಪಿವಿಸಿ ಹೊದಿಕೆ; ಒಳ-ಹೊರಗಿನ ಒತ್ತಡ ಸರಿದೂಗಿಸಲು ತಳದಲ್ಲೊಂದು ರಬ್ಬರಿನ ಪೊರೆ. ನೀರು ಒಳಗೂ ಇದೆ, ಮೋಟಾರು ಮೋಟಾರಾಗಿಯೇ ಇದೆ. ವಿಶಿಷ್ಟಾದ್ವೈತ! ಇದನ್ನು ನಮ್ಮ ಡಬ್ಬಿಗೆ ಅನ್ವಯಿಸಿದರೆ ಎಲ್ಲ ತೊಡಕೂ ಬಗೆಹರಿಯುತ್ತದೆ: ನೀರು ತುಂಬಿದ ಡಬ್ಬಿ ಸೋರುವುದಿಲ್ಲ, ತೇಲುವುದಿಲ್ಲ, ಅಪ್ಪಚ್ಚಿಯಾಗುವುದಿಲ್ಲ. ಮೊಬೈಲಿನ ಒಳಭಾಗಗಳಿಗೆಲ್ಲ ತಂತಿಯ ಹಾಗೆ ಹೊದಿಕೆ ಕೊಟ್ಟರಾಯಿತು. ಹಾಗೆ ಕೊಟ್ಟ ಮೇಲೆ ಡಬ್ಬಿಯೇ ಬೇಡವಲ್ಲ ಎನ್ನುವಿರಿ. ಡಬ್ಬಿ ಬೇಡವಾದರೆ ಪ್ರಬಂಧವೂ ಬೇಡವಾಗುವುದರಿಂದ ಈ ವಾದವನ್ನು ಮುಂದುವರಿಸುವುದಿಲ್ಲ.

ಉಳಿದದ್ದು ಪರೀಕ್ಷೆಯ ಸ್ಥಳ. ಕನ್ನಂಬಾಡಿ ಕಟ್ಟೆಯ ಬಳಿ ಪೈಪು ಹಿಡಿದು ನಿಂತವನು ಮೊದಲು ಮೀಮಾಂಸೆ ನಡೆಸಬೇಕಾಗುವುದು ಕಾವಲಿನ ಪೊಲೀಸರ ಜೊತೆ. ರಂಗನತಿಟ್ಟಿನಲ್ಲಿ ಮೊಸಳೆಗಳಿವೆ, ಅವಕ್ಕೆ ಮತಭೇದವಿಲ್ಲ. ಆಳ ಬೇಕು, ಕಾಟವಿರಬಾರದು ಎಂದರೆ ನಾಗಮಂಗಲದ ಕೊಳವೆಬಾವಿಯೇ ಸರಿ. ಅದರ ಬಾಯಿ ಆರೂವರೆ ಇಂಚು. ಡಬ್ಬಿಯ ಹೊರಸುತ್ತಿನ ಅಡ್ಡಳತೆ ನಾಲ್ಕೂಕಾಲು ಇಂಚು ಚಿಲ್ಲರೆ, ಸಲೀಸಾಗಿ ಇಳಿಯುತ್ತದೆ. ಮುಳುಗುವವನ ಭುಜದ ಅಳತೆ ಇನ್ನೂ ತೆಗೆದಿಲ್ಲ.